ಹರವೆ ಸೀಮೆಯ ಪರಪುರಾಣ ಪಾಠಕ ಲಕ್ಷಣ

ಉಪೋದ್ಘಾತ

ಶಾಸ್ತ್ರ ಬರೆಯಹೊರಟವರು ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿ ಮುಗಿಸಬೇಕೆಂಬುದು ಹಿಂದಿನವರ ಕಟ್ಟಳೆ. ಅದನ್ನು ಮೀರುವಷ್ಟು ಪಾಂಡಿತ್ಯ ನಮಗಿಲ್ಲದ ಕಾರಣ ಪಾಲಿಸುತ್ತೇವೆ.

ವಿಷಯ: ಗ್ರೀಸು, ಈಜಿಪ್ಟು, ಬ್ಯಾಬಿಲೋನು, ಐಸ್‌ಲ್ಯಾಂಡು, ಜಪಾನು, ಗ್ವಾಟೆಮಾಲ ಮೊದಲಾದ ಪರದೇಶಗಳ ಪುರಾಣಗಳನ್ನು ಪುಸ್ತಕದಲ್ಲಿ ಓದುವವರು. ಪುರಾಣಗಳನ್ನು ಕೂಡಿಸಿ, ಕಳೆದು, ಗುಣಿಸಿ, ಭಾಗಿಸಿದ ಪಂಡಿತರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಓದುಗನನ್ನು ಮಾತ್ರ ಅವರೆಲ್ಲ ದೀಪದ ಬುಡದಲ್ಲೇ ಬಿಟ್ಟುಹೋಗಿದ್ದಾರೆ. ಆ ಕೊರತೆ ನೀಗಿಸಲು ಈ ಗ್ರಂಥ.

ಅಧಿಕಾರಿ: ತನ್ನ ಮನೆದೇವರ ಕಥೆಯನ್ನು ಒಮ್ಮೆಯಾದರೂ ನಿದ್ದೆಗೆಟ್ಟು ಕೇಳಿದವನು. ಪೂರ್ತಿ ಕೇಳಿರಬೇಕೆಂಬ ನಿಯಮವಿಲ್ಲ. ನಡುರಾತ್ರಿ ಕಳೆದ ಮೇಲೆ ತೂಕಡಿಸಿದವರಿಗೂ ಅಧಿಕಾರ ಉಂಟು.

ಸಂಬಂಧ: ಪುಸ್ತಕಕ್ಕೂ ಓದುಗನಿಗೂ ಇರುವುದು. ಬಹುಮಟ್ಟಿಗೆ ಇದು ಗ್ರಂಥಾಲಯದಿಂದ ತಂದು ಹಿಂದಿರುಗಿಸದ ಸಂಬಂಧ.

ಪ್ರಯೋಜನವನ್ನು ಕೊನೆಗೆ ಹೇಳುತ್ತೇವೆ. ಮೊದಲೇ ಹೇಳಿಬಿಟ್ಟರೆ ಅಷ್ಟಕ್ಕೇ ತೃಪ್ತರಾಗಿ ಎದ್ದುಹೋಗುವವರು ಇದ್ದಾರೆ.

ಇನ್ನು ಕ್ಷೇತ್ರ ನಿರ್ಣಯ. ಈ ಪರೀಕ್ಷೆಗೆ ಚಾಮರಾಜನಗರ ತಾಲ್ಲೂಕಿನ ಹರವೆ ಹೋಬಳಿಯನ್ನೂ ಅದರಾಚೆಯ ಗುಂಡ್ಲುಪೇಟೆ ಕಡೆಯ ಊರುಗಳನ್ನೂ ಆರಿಸಿಕೊಂಡಿದ್ದೇವೆ. ಮೂಡಲಿಗೆ ಬಿಳಿಗಿರಿರಂಗಯ್ಯನ ಬೆಟ್ಟ, ಅದರಿಂದಾಚೆ ಎಪ್ಪತ್ತೇಳು ಮಲೆಯ ಮಾದಪ್ಪ, ಎಂದರೆ ಮಾದೇಶ್ವರ. ನೈಋತ್ಯಕ್ಕೆ ಹಿಮವದ್ ಗೋಪಾಲಸ್ವಾಮಿ. ಬಡಗಲ ದಿಕ್ಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ, ಚಿಕ್ಕಲ್ಲೂರಿನಲ್ಲಿ ಅವನ ಶಿಷ್ಯ ಸಿದ್ದಪ್ಪಾಜಿ. ಹರವೆಯಲ್ಲೇ ವಿರಕ್ತ ಮಠ. ಹತ್ತಿರದ ಮಲೆಯೂರಿನಲ್ಲಿ ಜೈನರ ಕನಕಗಿರಿ. ಮಳೆ ಕೈಕೊಟ್ಟದ್ದುಂಟು, ಕಥೆಗೆ ಬರ ಬಂದದ್ದಿಲ್ಲ. ಇಂಥ ನೆಲದಲ್ಲಿ ಕೂತು ಜೀಯಸ್ಸಿನ ಕಥೆ ಓದುವವನ ಕಿವಿ ಮೊದಲೇ ತುಂಬಿರುತ್ತದೆ. ಹೊಸ ದೇವರು ಬಂದರೆ ಹಳಬರು ಸರಿದು ಜಾಗ ಕೊಡಬೇಕು. ಸರಿಯುವಾಗ ಆಗುವ ಸದ್ದೇ ನಮ್ಮ ಸಂಶೋಧನೆಯ ಸಾಮಗ್ರಿ.

ಮೊದಲನೆಯ ಪ್ರಕರಣ: ಪೂರ್ವಪಕ್ಷ

ಪರಪುರಾಣಗಳನ್ನು ವಿಂಗಡಿಸುವುದರಲ್ಲಿ ಈವರೆಗೆ ಮೂರು ಮತಗಳಿವೆ. ಮೂರನ್ನೂ ಹೇಳಿ ಖಂಡಿಸುತ್ತೇವೆ.

ಮೊದಲನೆಯದು ದೇಶಮತ. ಗ್ರೀಕರದು ಒಂದು ಅಧ್ಯಾಯ, ರೋಮನರದು ಒಂದು, ಬಡಗಣ ಯೂರೋಪಿನವರದು ಒಂದು. ಆಮೇಲೆ ಇಡೀ ಆಫ್ರಿಕಾ ಖಂಡಕ್ಕೆ ಒಂದು. ದಪ್ಪ ಕಾಗದದ, ಬಣ್ಣದ ಚಿತ್ರದ 'ವಿಶ್ವ ಪುರಾಣ' ಪುಸ್ತಕಗಳೆಲ್ಲ ಈ ಮತಕ್ಕೆ ಸೇರಿದವು. ಇದರ ದೋಷ ಹೊರಗೇ ಕಾಣುತ್ತದೆ. ಹರವೆಯ ಒಂದೇ ಬೀದಿಯಲ್ಲಿ ಮಾದಪ್ಪನ ಮನೆ, ಸಿದ್ದಪ್ಪಾಜಿಯ ಮನೆ, ಬಿಳಿಗಿರಿರಂಗಯ್ಯನ ಮನೆ ಸಾಲಾಗಿರುವಾಗ 'ಭಾರತ' ಎಂಬ ಒಂದು ಅಧ್ಯಾಯದಲ್ಲಿ ಇವರೆಲ್ಲ ಹೇಗೆ ಹಿಡಿಸುತ್ತಾರೆ? ಹಿಡಿಸುವುದಿಲ್ಲ. ಆದ್ದರಿಂದಲೇ ಆ ಅಧ್ಯಾಯದಲ್ಲಿ ಬ್ರಹ್ಮ, ವಿಷ್ಣು, ಶಿವ, ಗಣೇಶ ಇಷ್ಟೇ ಜನರಿರುತ್ತಾರೆ.

ಎರಡನೆಯದು ಅಂಕೆಮತ. ಮೆಲ್ವಿಲ್ ಡ್ಯೂಯಿ ಎಂಬ ಅಮೆರಿಕದ ಗ್ರಂಥಪಾಲಕ 1876ರಲ್ಲಿ ಲೋಕದ ಜ್ಞಾನವನ್ನೆಲ್ಲ ಹತ್ತು ಪಾಲು ಮಾಡಿ ಅಂಕೆ ಕೊಟ್ಟ. ಆ ಪದ್ಧತಿಯಲ್ಲಿ 200 ಧರ್ಮಕ್ಕೆ. ಗ್ರೀಕ್, ರೋಮನ್ ದೇವರುಗಳಿಗೆ 292. ಥಾರ್, ಓಡಿನ್ ಮುಂತಾದವರಿಗೆ 293. ಭಾರತದ ಧರ್ಮಗಳಿಗೆ 294. ಜನಪದ ಕಥೆಗೆ ಬೇರೆಯೇ ಅಂಕೆ, 398. ಈಗ ವಿನೋದ ನೋಡಿ. ಜೀಯಸ್ಸಿನ ಪೂಜೆ ಶತಮಾನಗಳ ಹಿಂದೆ ನಿಂತುಹೋಗಿದೆ. ಅವನು ಧರ್ಮದ ಕಪಾಟಿನಲ್ಲಿದ್ದಾನೆ. ಪ್ರತಿ ಪುಷ್ಯ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಐದು ದಿನ ಜಾತ್ರೆ ನಡೆದು, ಚಂದ್ರಮಂಡಲದ ಜ್ಯೋತಿ ಹೊತ್ತಿ, ಜನ ಕಿಕ್ಕಿರಿದು ಸೇರುತ್ತಾರೆ. ಆ ಸಿದ್ದಪ್ಪಾಜಿಯ ಕಾವ್ಯ ಜನಪದದ ಕಪಾಟಿಗೆ ಹೋಗುತ್ತದೆ. ಸತ್ತ ದೇವರಿಗೆ ಧರ್ಮಸ್ಥಾನ, ಬದುಕಿರುವವನಿಗೆ ಕಥೆಯ ಸ್ಥಾನ ಎಂದು ಹೇಳುವ ಅಂಕೆ ಎಷ್ಟು ದಶಾಂಶ ಇಟ್ಟುಕೊಂಡರೂ ಸರಿಹೋಗದು.

ಮೂರನೆಯದು ಅಂಗಮತ. ಸ್ಟಿತ್ ಥಾಂಪ್ಸನ್ ಎಂಬ ವಿದ್ವಾಂಸ 1932ರಿಂದ 1936ರವರೆಗೆ ಆರು ಸಂಪುಟಗಳಲ್ಲಿ ಲೋಕದ ಕಥೆಗಳ ಆಶಯಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿದ. ಜಲಪ್ರಳಯ ಎ1010. ದೇಹದ ಅಸಾಮಾನ್ಯ ಭಾಗದಿಂದ ಹುಟ್ಟುವುದು ಟಿ541. ಈ ಮತ ಬಲು ಉಪಕಾರಿ. ಆದರೆ ಕಥೆಯನ್ನು ಹೀಗೆ ಕಡಿದು ಗುಡ್ಡೆ ಹಾಕಿದ ಮೇಲೆ ಯಾವ ಗುಡ್ಡೆಗೂ ಕೈಮುಗಿಯಲು ಬರುವುದಿಲ್ಲ. ಜಗಳ ಆಡಲೂ ಬರುವುದಿಲ್ಲ.

ಎರಡನೆಯ ಪ್ರಕರಣ: ಸಿದ್ಧಾಂತ

ಸೂತ್ರ: ದೇವರನ್ನು ದೇಶದಿಂದ ಗುರುತಿಸಬೇಡ, ಒಕ್ಕಲಿನಿಂದ ಗುರುತಿಸು.

ವೃತ್ತಿ: ನಮ್ಮ ಕಡೆ ಹೊಸಬರು ಸಿಕ್ಕಾಗ ಕೇಳುವ ಪ್ರಶ್ನೆಗಳಲ್ಲಿ 'ನೀವು ಯಾವ ದೇವರ ಒಕ್ಕಲು?' ಎಂಬುದೊಂದು. ಒಕ್ಕಲು ಎಂದರೆ ಒಬ್ಬ ದೇವರಿಗೆ ನಡೆದುಕೊಳ್ಳುವ ಮನೆತನ. ನಂಬುವುದು, ಬಿಡುವುದು ಆಮೇಲಿನ ಮಾತು, ಮೊದಲು ನಡೆದುಕೊಳ್ಳಬೇಕು. ಮಾದಪ್ಪನ ಒಕ್ಕಲಾದರೆ ಸೋಮವಾರದ ಕಟ್ಟುಪಾಡು, ಬೆಟ್ಟಕ್ಕೆ ಕಾಲ್ನಡಿಗೆ, ಕಂಸಾಳೆಯ ದೇವರಗುಡ್ಡರು ಬಾಗಿಲಿಗೆ ಬಂದರೆ ಪಡಿ. ಸಿದ್ದಪ್ಪಾಜಿಯ ಒಕ್ಕಲಾದರೆ ದೇವರ ಗುರುತಾದ ಕಂಡಾಯ ಬಂದಾಗ ಪೂಜೆ, ಚಿಕ್ಕಲ್ಲೂರಿನ ಪಂಕ್ತಿಯೂಟ, ಹಾಡುಗಾರರಾದ ನೀಲಗಾರರಿಂದ ಕಥೆ ಓದಿಸುವುದು. ಮಗುವಿನ ಮೊದಲ ಕೂದಲು ಯಾರಿಗೆ, ಹೊಲದ ಮೊದಲ ರಾಗಿ ಯಾರಿಗೆ, ಎಲ್ಲ ಲೆಕ್ಕವೂ ಒಕ್ಕಲಿನ ಮೇಲೆ ನಿಂತಿದೆ. ಎಂದರೆ ನಮ್ಮಲ್ಲಿ ಕಥೆ ಬಿಟ್ಟಿ ಬರುವುದಿಲ್ಲ. ಪ್ರತಿಯೊಂದು ಸಾಲಿನ ಹಿಂದೆಯೂ ಒಂದು ಬಾಕಿ ಇದೆ.

ಈ ಸೂತ್ರದಿಂದ ಲೋಕದ ದೇವರುಗಳು ಮೂರು ಬಗೆಯಾಗುತ್ತಾರೆ. ಒಕ್ಕಲುಳ್ಳವರು: ಮಾದಪ್ಪ, ಮಂಟೇಸ್ವಾಮಿ, ಹಾಗೂ ಇಪ್ಪತ್ತು ವರ್ಷಕ್ಕೊಮ್ಮೆ ಗುಡಿಯನ್ನು ಹೊಸದಾಗಿ ಕಟ್ಟಿಸಿಕೊಳ್ಳುವ ಜಪಾನಿನ ಇಸೆಯ ಅಮತೆರಾಸು, ನೈಜೀರಿಯದ ಒಸೊಗ್ಬೊ ಎಂಬಲ್ಲಿ ಪ್ರತಿ ಆಗಸ್ಟಿನಲ್ಲೂ ಜಾತ್ರೆ ನಡೆಸಿಕೊಳ್ಳುವ ನದಿದೇವತೆ ಓಶುನ್. ಒಕ್ಕಲು ಕಳೆದುಕೊಂಡವರು: ಈಜಿಪ್ಟಿನ ಆತುಮ್, ಬ್ಯಾಬಿಲೋನಿನ ಮರ್ದೂಕ್. ಒಕ್ಕಲು ಮರಳಿ ಪಡೆದವರು: ಇವರ ಮಾತು ಅಪವಾದ ಪ್ರಕರಣದಲ್ಲಿ ಬರುತ್ತದೆ.

ಇದರಿಂದ ಒಂದು ಉಪಸಿದ್ಧಾಂತ ಹುಟ್ಟುತ್ತದೆ. ಪರಪುರಾಣ ಓದುವುದರ ಸುಖವೆಲ್ಲ ಆ ದೇವರುಗಳಿಗೆ ನಾವು ಏನೂ ಕೊಡಬೇಕಾಗಿಲ್ಲ ಎಂಬುದರಲ್ಲಿದೆ. ಅಪೊಲೊ ಮುಡಿ ಕೇಳುವುದಿಲ್ಲ. ಓಸಿರಿಸ್ ಕನಸಿನಲ್ಲಿ ಬಂದು ಹರಕೆ ನೆನಪಿಸುವುದಿಲ್ಲ. ಬಾಕಿಯಿಲ್ಲದ ಕಥೆ ಓದುವಾಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ನೋಡಿದರೆ ಅವನ ಜಾತಕ ಸಿಕ್ಕುತ್ತದೆ. ಹಾಗೆ ನೋಡಿ ಕಂಡ ಆರು ಭೇದಗಳನ್ನು ಮುಂದೆ ಹೇಳುತ್ತೇವೆ.

ಮೂರನೆಯ ಪ್ರಕರಣ: ಪಾಠಕ ಭೇದ

ಒಂದು, ಸರ್ವಸ್ವಕೀಯ. ಯಾವ ಪುಟ ತೆರೆದರೂ 'ಇದು ನಮ್ಮಲ್ಲೇ ಇತ್ತು' ಎನ್ನುವುದು ಇವನ ಲಕ್ಷಣ. ಜೀಯಸ್ ಎಂದರೆ ಇಂದ್ರ, ಜ್ಯುಪಿಟರ್ ಎಂದರೆ ಇಂದ್ರ, ಥಾರ್ ಎಂದರೂ ಇಂದ್ರ. ಒಬ್ಬ ಇಂದ್ರನಿಗೆ ಇಷ್ಟೊಂದು ಹೆಚ್ಚುವರಿ ಹೊಣೆ ಹೊರಿಸುವುದು ನ್ಯಾಯವೇ ಎಂದು ಇವನು ಯೋಚಿಸಿದವನಲ್ಲ. ಗಿಲ್ಗಮೆಶ್ ಕಾವ್ಯದ ಪ್ರಳಯದ ಭಾಗವನ್ನು ಜಾರ್ಜ್ ಸ್ಮಿತ್ ಎಂಬವನು 1872ರಲ್ಲಿ ಲಂಡನ್ನಿನಲ್ಲಿ ಮಣ್ಣಿನ ಹಲಗೆಯ ಮೇಲೆ ಓದಿ, ಸಂತೋಷ ತಡೆಯದೆ ಬಟ್ಟೆ ಬಿಚ್ಚತೊಡಗಿದನೆಂದು ಪ್ರತೀತಿ. ನಮ್ಮ ಸರ್ವಸ್ವಕೀಯ ಬಟ್ಟೆ ಬಿಚ್ಚುವುದಿಲ್ಲ, 'ಮನುವಿನ ಮೀನು' ಎಂದು ಹೇಳಿ ಪುಟ ತಿರುಗಿಸುತ್ತಾನೆ. ಕಬಿನಿಯ ನೀರನ್ನು ಪೈಪಿನಲ್ಲಿ ಎತ್ತಿ ತಂದು ಕೆರೆ ತುಂಬಿಸುವ ಸೀಮೆಯಲ್ಲಿ ಕೂತು ಲೋಕದ ಜಲಪ್ರಳಯಗಳೆಲ್ಲ ನಮ್ಮವೇ ಎಂದು ಸಾಧಿಸುವ ಅವನ ಎದೆಗಾರಿಕೆಯನ್ನು ಮೆಚ್ಚಲೇಬೇಕು.

ಇವನು ಮೂರ್ಖನಲ್ಲ. ಅನೇಕ ಸಲ ಇವನ ಕಣ್ಣಿಗೆ ಬಿದ್ದದ್ದು ನಿಜವೇ ಆಗಿರುತ್ತದೆ. ತಂಬೂರಿ ದಾಸಯ್ಯರು ಹಾಡಿದ, ಎ.ಕೆ. ರಾಮಾನುಜನ್ ತಮ್ಮ ಪ್ರಬಂಧದಲ್ಲಿ ಎತ್ತಿ ಹೇಳಿದ ಕನ್ನಡ ಜನಪದ ರಾಮಾಯಣವೊಂದರಲ್ಲಿ, ಮಕ್ಕಳಿಲ್ಲದ ರಾವುಳನಿಗೆ, ಎಂದರೆ ರಾವಣನಿಗೆ, ಶಿವ ಮಾವಿನ ಹಣ್ಣು ಕೊಡುತ್ತಾನೆ: ತಿರುಳು ಹೆಂಡತಿಗೆ, ಓಟೆ ನಿನಗೆ. ರಾವುಳ ಆಸೆಬುರುಕ, ತಿರುಳು ತಿಂದು ಓಟೆಯನ್ನು ಹೆಂಡತಿಗೆ ಕೊಡುತ್ತಾನೆ. ಬಸಿರು ಅವನಿಗೇ ನಿಲ್ಲುತ್ತದೆ, ದಿನಕ್ಕೊಂದು ತಿಂಗಳು ಏರುತ್ತದೆ, ಒಂಬತ್ತನೆಯ ದಿನ ಸೀನಿದಾಗ ಸೀತೆ ಹುಟ್ಟುತ್ತಾಳೆ. ಈಜಿಪ್ಟಿನ ಆತುಮ್ ಕೂಡ ಸೀನಿಯೇ ಶೂ ಎಂಬ ಮಗನನ್ನು ಹೊರಹಾಕಿದವನು. ಇಷ್ಟು ಕಂಡೊಡನೆ ಸರ್ವಸ್ವಕೀಯ 'ಸಿಕ್ಕಿತು' ಎಂದು ಪುಸ್ತಕ ಮುಚ್ಚುತ್ತಾನೆ. ಮುಚ್ಚದಿದ್ದರೆ ಮುಂದಿನದು ಕಾಣುತ್ತಿತ್ತು. ಆತುಮನ ಸೀನಿನಿಂದ ಗಾಳಿ ಹುಟ್ಟಿ ಜಗತ್ತಿಗೆ ಉಸಿರಾಡಲು ತೆರಪಾಯಿತು. ರಾವುಳನ ಸೀನಿನಿಂದ ಅವನನ್ನು ಮುಗಿಸುವ ಮಗಳು ಬಂದಳು. ಅಲ್ಲಿ ಸೃಷ್ಟಿಯ ಚಿಂತೆ, ಇಲ್ಲಿ ಆಸೆಬುರುಕತನದ ಲೆಕ್ಕ. ಹೋಲಿಕೆ ಸಿಕ್ಕಿದ ಜಾಗದಲ್ಲೇ ಓದು ನಿಲ್ಲುವುದು ಈ ವರ್ಗದ ಕುಲರೋಗ.

ಎರಡು, ಪಂಚಾಯ್ತಿದಾರ. ಇವನು, ಬಹುಪಾಲು ಇವಳು, ಕಥೆಯನ್ನು ಜಗುಲಿಯ ನ್ಯಾಯಕ್ಕೆ ತರುತ್ತಾಳೆ. ಜೀಯಸ್ ಹೋರಿಯಾಗಿ ಯೂರೋಪಳನ್ನು ಹೊತ್ತೊಯ್ದದ್ದು, ಹಂಸವಾಗಿ ಲೀಡಳ ಬಳಿ ಹೋದದ್ದು, ಚಿನ್ನದ ಮಳೆಯಾಗಿ ಡನಾಯೆಯ ಸೆರೆಮನೆಗೆ ಸುರಿದದ್ದು, ಇದೆಲ್ಲ ಕೇಳಿದ ಮೇಲೆ ಈ ವರ್ಗದವರು ಕೇಳುವ ಪ್ರಶ್ನೆ ಒಂದೇ: 'ಆಮೇಲೆ ಮದುವೆ ಮಾಡ್ಕಂಡ್ನಾ?' ನಗಬಾರದು. ಈ ಪ್ರಶ್ನೆಯ ಹಿಂದೆ ಒಂದು ಪೂರ್ವನಿದರ್ಶನವಿದೆ. ಬಿಳಿಗಿರಿರಂಗಯ್ಯನೂ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿದವನೇ. ಆದರೆ ಕೈಹಿಡಿದ, ನಂಟನಾದ. ಸೋಲಿಗರು ಇವತ್ತಿಗೂ ಅವನನ್ನು ಭಾವ ಎಂದೇ ಕರೆಯುತ್ತಾರೆ. ಹೆಣ್ಣು ಕೊಟ್ಟ ಕಡೆಯವರು ದೇವರನ್ನು ಗೇಲಿ ಮಾಡುವ ಹಕ್ಕನ್ನು ಉಳಿಸಿಕೊಂಡಿದ್ದಾರೆ. ಈ ತಕ್ಕಡಿಯಲ್ಲಿಟ್ಟರೆ ಜೀಯಸ್ಸಿನ ತಟ್ಟೆ ಮೇಲಕ್ಕೆ ಹೋಗುತ್ತದೆ.

ಒಡಿಸ್ಯೂಸನ ಮೊಕದ್ದಮೆ ಇನ್ನೂ ಬಿಗಿಯಾದದ್ದು. ಇಪ್ಪತ್ತು ವರ್ಷ ಊರು ಬಿಟ್ಟವನು, ಅದರಲ್ಲಿ ಏಳು ವರ್ಷ ಕ್ಯಾಲಿಪ್ಸೊ ದ್ವೀಪದಲ್ಲಿ ಇದ್ದವನು, ಬಂದು ಹೆಂಡತಿಯ ನಡತೆಯನ್ನು ವೇಷ ಮರೆಸಿಕೊಂಡು ಪರೀಕ್ಷಿಸುತ್ತಾನೆ. ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲು, ಎಂದರೆ ಅವಳ ಕಥಾಭಾಗ, ಕೇಳಿದವರಿಗೆ ಇದು ಹೊಸದಲ್ಲ. ಅಲ್ಲಿ ನೀಲೇಗೌಡ ಕಾಡಿಗೆ ಹೊರಡುವ ಮೊದಲು ಹೆಂಡತಿಯಿಂದ ಬಲಗೈ ಭಾಷೆ ಕೇಳುತ್ತಾನೆ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಬೇಕು ಎಂದು ಸಂಕಮ್ಮ ಒಪ್ಪುವುದಿಲ್ಲ. ಅವನು ಮಾಟ ಮಾಡಿಟ್ಟು ಹೋಗುತ್ತಾನೆ. ಬಂದು ಬಿಡಿಸುವವನು ಮಾದಪ್ಪ. ಪೆನೆಲೊಪೆ ನೇಯ್ದದ್ದನ್ನು ರಾತ್ರಿ ಬಿಚ್ಚುತ್ತ ಕಾದಳು, ಸಂಕಮ್ಮ ಎದುರುತ್ತರ ಕೊಟ್ಟಳು. ಪಂಚಾಯ್ತಿದಾರರ ತೀರ್ಪು ಹೀಗಿದೆ: ಇಬ್ಬರೂ ಹೆಣ್ಣುಮಕ್ಕಳು ನಿರ್ದೋಷಿಗಳು, ಗಂಡಂದಿರಿಬ್ಬರಿಗೂ ದಂಡ, ದೇವರು ಹೆಂಡತಿಯ ಪಕ್ಷ ವಹಿಸಿದ ಕಾರಣಕ್ಕೆ ನಮ್ಮ ಕಥೆಗೆ ಒಂದು ಅಂಕ ಹೆಚ್ಚು. ಈ ತೀರ್ಪಿಗೆ ಮೇಲ್ಮನವಿಯಿಲ್ಲ. ಆರು ವರ್ಗಗಳಲ್ಲಿ ಕಥೆಯನ್ನು ಕಥೆಯೊಳಗಿನ ಜನರ ಕಷ್ಟವಾಗಿ ಓದುವವರು ಇವರೇ ಎಂಬುದನ್ನು ಗ್ರಂಥಕಾರರು ದಾಖಲಿಸುತ್ತಾರೆ.

ಮೂರು, ಅನ್ನಾರ್ಥಿ. ದೇವರು ಏನು ತಿಂದ, ಎಲ್ಲಿ ಬೆಳೆದದ್ದು, ಅಳತೆ ಎಷ್ಟು ಎಂಬುದರ ಮೇಲೆ ಇವನ ಕಣ್ಣು. ಗ್ವಾಟೆಮಾಲದ ಮಾಯಾ ಜನರ ಪೊಪೊಲ್ ವುಹ್ ಈ ವರ್ಗದ ಪರಮಗ್ರಂಥ. ಅದರಲ್ಲಿ ದೇವರುಗಳು ಮಣ್ಣಿನ ಮನುಷ್ಯನನ್ನು ಮಾಡಿದರು, ಕರಗಿಹೋದ. ಮರದ ಮನುಷ್ಯನನ್ನು ಮಾಡಿದರು, ಅವನಿಗೆ ಕೃತಜ್ಞತೆ ಇರಲಿಲ್ಲ. ಅವನ ಮನೆಯ ಬೀಸುವ ಕಲ್ಲು, ಕಾವಲಿ, ಗಡಿಗೆ, ಸಾಕಿದ ನಾಯಿಗಳೇ ತಿರುಗಿಬಿದ್ದವು. ಕೊನೆಗೆ ಮುಸುಕಿನ ಜೋಳದ ಹಿಟ್ಟು ನಾದಿ ಮಾಡಿದಾಗ ಮನುಷ್ಯ ನಿಂತ. ಮುಸುಕಿನ ಜೋಳ ಬೆಳೆದು, ಅದರ ದರ ಕುಸಿದಾಗ ಕೈಸುಟ್ಟುಕೊಂಡ ರೈತ ಇದನ್ನು ಓದಿ, ಆ ದೇವರುಗಳಿಗೆ ಕ್ವಿಂಟಲಿಗೆ ಎಷ್ಟು ಬಿದ್ದಿತ್ತು ಎಂದು ಕೇಳಿದರೆ ಅದು ಪುರಾಣವಿಮರ್ಶೆಯೇ ಸರಿ.

ಅನ್ನಾರ್ಥಿಯ ಬಳಿ ಸ್ವಂತ ಪ್ರಮಾಣಗ್ರಂಥವೂ ಇದೆ. ರಾಗಿಯೂ ಭತ್ತವೂ ಜಗಳಾಡಿ ರಾಮನ ಮುಂದೆ ನ್ಯಾಯಕ್ಕೆ ಹೋದ ಕಥೆಯನ್ನು ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಹೇಳಿ ರಾಗಿಯನ್ನು ಗೆಲ್ಲಿಸಿದ್ದಾರೆ. ಮಠದಲ್ಲಿ ಕೂತು ರಾಗಿ ಬೀಸಿದ ಮಾದಪ್ಪನ ಕಥೆ ಮಕ್ಕಳಿಗೂ ಗೊತ್ತು. ಹೀಗಾಗಿ ಅಪೊಲೊ ಒಮ್ಮೆ ಅಡ್ಮೀಟಸ್ ಎಂಬ ದೊರೆಯ ಮನೆಯಲ್ಲಿ ದನ ಕಾಯ್ದ ಎಂದು ಓದಿದಾಗ ಇತರರು ಬೆರಗಾಗುತ್ತಾರೆ, ಅನ್ನಾರ್ಥಿ ತಲೆದೂಗುತ್ತಾನೆ. ಕೂಲಿ ಮಾಡದ ದೇವರನ್ನು ನಂಬುವುದು ಅವನಿಗೆ ಕಷ್ಟ.

ನಾಲ್ಕು, ಪರೀಕ್ಷಾರ್ಥಿ. ಇವನನ್ನು ಪಂಚಾಯಿತಿ ಗ್ರಂಥಾಲಯದಲ್ಲಿ, ಈಗಿನ ಹೆಸರಿನಲ್ಲಿ ಅರಿವು ಕೇಂದ್ರದಲ್ಲಿ, ಬೆಳಗ್ಗೆಯೇ ಕಾಣಬಹುದು. ಸಮುದ್ರದೇವರು ಪೊಸೈಡನ್, ರೋಮನರಿಗೆ ನೆಪ್ಚೂನ್. ಯುದ್ಧದೇವರು ಏರೀಸ್, ರೋಮನರಿಗೆ ಮಾರ್ಸ್. ಜನವರಿಗೆ ಹೆಸರು ಕೊಟ್ಟವನು ಜಾನಸ್. ಪೊಸೈಡನ್ ಒಡಿಸ್ಯೂಸನ ಮೇಲೆ ಯಾಕೆ ಹಗೆ ಸಾಧಿಸಿದ ಎಂದು ಕೇಳಬೇಡಿ, ಅದು ಸಿಲೆಬಸ್ಸಿನಲ್ಲಿಲ್ಲ. ಇವನ ಮಟ್ಟಿಗೆ ದೇವರುಗಳು ನಾಲ್ಕು ಉತ್ತರಗಳಲ್ಲಿ ಒಬ್ಬರಾಗಿ ಪ್ರತ್ಯಕ್ಷರಾಗುತ್ತಾರೆ. ಈ ವರ್ಗದ ಬಗ್ಗೆ ಹೆಚ್ಚು ಬರೆದರೆ ಅವರ ಸಮಯ ಹಾಳು.

ಐದು, ತೆರೆಯಿಂದ ಬಂದವನು. ಮೊದಲು ಸಿನಿಮಾದಲ್ಲಿ ಥಾರ್‌ನನ್ನು ಕಂಡು, ಆಮೇಲೆ ಪುಸ್ತಕಕ್ಕೆ ಬಂದವನು. ಪುಸ್ತಕದಲ್ಲಿ ಥಾರ್‌ಗೆ ಕೆಂಪು ಗಡ್ಡ; ಸುತ್ತಿಗೆ ಕಳೆದುಕೊಂಡು, ಅದನ್ನು ಕದ್ದ ರಾಕ್ಷಸನ ಮನೆಗೆ ಮದುಮಗಳ ವೇಷದಲ್ಲಿ ಹೋಗಿ, ಮದುವೆ ಊಟದಲ್ಲಿ ಒಂದು ಇಡೀ ಎತ್ತು, ಎಂಟು ಮೀನು ತಿಂದು, ಮದುಮಗಳು ಎಂಟು ರಾತ್ರಿ ಉಪವಾಸವಿದ್ದಳು ಎಂದು ಗೆಳೆಯ ಲೋಕಿಯಿಂದ ಸಮರ್ಥನೆ ಮಾಡಿಸಿಕೊಂಡವನು. ತೆರೆಯಿಂದ ಬಂದವನಿಗೆ ಇಲ್ಲಿ ಆಘಾತ. ಆದರೆ ಕೀಚಕನನ್ನು ಮುಗಿಸಲು ಸೀರೆ ಉಟ್ಟ ಭೀಮನನ್ನು ಊರ ನಾಟಕದಲ್ಲಿ ನೋಡಿದ್ದರೆ ಆಘಾತ ಬೇಗ ನಗೆಯಾಗುತ್ತದೆ. ಈ ವರ್ಗದವರು ಬಲುಬೇಗ ಬಡ್ತಿ ಪಡೆಯುತ್ತಾರೆಂಬುದು ನಮ್ಮ ಅನುಭವ.

ಆರು, ಪ್ರತೀಕವಾದಿ. ಮೈಸೂರಿಗೆ ಹೋಗಿ ಎಂ.ಎ. ಮಾಡಿ ಬಂದವನು. ಇವನ ಮುಂದೆ ಹಾವು ಹಾವಲ್ಲ, ಬೆಟ್ಟ ಬೆಟ್ಟವಲ್ಲ. ಫ್ರೇಜರ್ 1890ರಲ್ಲಿ ಎರಡು ಸಂಪುಟದಲ್ಲಿ ಆರಂಭಿಸಿ ಹನ್ನೆರಡಕ್ಕೆ ಬೆಳೆಸಿದ 'ಗೋಲ್ಡನ್ ಬೋ', ಕ್ಯಾಂಬೆಲ್ 1949ರಲ್ಲಿ ಎಲ್ಲ ವೀರರನ್ನೂ ಒಂದೇ ದಾರಿಯಲ್ಲಿ ನಡೆಸಿದ ಪುಸ್ತಕ, ಇವು ಇವನ ಬಲಗೈ ಎಡಗೈ. ಹಿಂದೆ ಮ್ಯಾಕ್ಸ್ ಮುಲ್ಲರ್ ಲೋಕದ ಪುರಾಣಗಳಲ್ಲೆಲ್ಲ ಸೂರ್ಯನನ್ನೇ ಕಂಡಾಗ, 1870ರಲ್ಲಿ ಡಬ್ಲಿನ್ನಿನ ಒಬ್ಬ ಪಾದ್ರಿ ಅದೇ ತರ್ಕ ಹಿಡಿದು ಮ್ಯಾಕ್ಸ್ ಮುಲ್ಲರ್ ಎಂಬವನೇ ಇಲ್ಲ, ಅವನೂ ಒಂದು ಸೂರ್ಯಪುರಾಣ ಎಂದು ಸಾಧಿಸಿ ಬರೆದ. ನಮ್ಮ ಪ್ರತೀಕವಾದಿಗೆ ಈ ಔಷಧ ಇನ್ನೂ ತಲುಪಿಲ್ಲ. ಮಾದಪ್ಪನ ಹುಲಿ ಕಾಮದ ಪ್ರತೀಕ ಎಂದು ಅವನು ಬಂಡೀಪುರದ ಅಂಚಿನ ಊರಲ್ಲಿ ಭಾಷಣ ಮಾಡಿದರೆ, ಹಿಂದಿನ ವಾರ ಹಸು ಕಳೆದುಕೊಂಡವರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಒಕ್ಕಲುಳ್ಳ ದೇವರಿಗೂ ಕಳೆದುಕೊಂಡವನಿಗೂ ಒಂದೇ ಬೀಗದಕೈ ಹಾಕುವುದರಿಂದ ಇವನ ಕೈಯಲ್ಲಿ ಎರಡೂ ಬಾಗಿಲು ತೆರೆಯುವುದಿಲ್ಲ.

ನಾಲ್ಕನೆಯ ಪ್ರಕರಣ: ಸಂಕರ ಮತ್ತು ಅಪವಾದ

ಮೇಲಿನ ಆರು ಭೇದಗಳು ಶುದ್ಧರೂಪದಲ್ಲಿ ಸಿಕ್ಕುವುದು ಕಡಿಮೆ. ಒಬ್ಬನೇ ಬೆಳಗ್ಗೆ ಪರೀಕ್ಷಾರ್ಥಿ, ಸಂಜೆ ಪಂಚಾಯ್ತಿದಾರ ಆಗಬಹುದು. ಸಂಕರಕ್ಕೆ ಕನ್ನಡದಲ್ಲಿ ದೊಡ್ಡ ಪರಂಪರೆಯೇ ಇದೆ. ಬಿ.ಎಂ. ಶ್ರೀಕಂಠಯ್ಯನವರು ಸೋಫೊಕ್ಲಿಸನ ಏಜಾಕ್ಸ್ ನಾಟಕ ಓದಿ, ಅವಮಾನದಿಂದ ಮತಿಗೆಟ್ಟ ಆ ಗ್ರೀಕ್ ವೀರನಿಗೆ ತಕ್ಕ ಮೈಯನ್ನು ಮಹಾಭಾರತದಲ್ಲಿ ಹುಡುಕಿ 'ಅಶ್ವತ್ಥಾಮನ್' ಬರೆದರು. 'ಚಂದಮಾಮ' ಒಡಿಸ್ಯೂಸನಿಗೆ ರೂಪಧರ ಎಂದು ಹೆಸರಿಟ್ಟು ಕಚ್ಚೆ ಉಡಿಸಿ ಸಮುದ್ರಕ್ಕೆ ಬಿಟ್ಟಿತು. ಅವನು ಗ್ರೀಕನೆಂದು ತಿಳಿಯದೆಯೇ ಒಂದು ತಲೆಮಾರು ಅವನಿಗಾಗಿ ಮುಂದಿನ ತಿಂಗಳ ಸಂಚಿಕೆ ಕಾಯಿತು. ಸರ್ವಸ್ವಕೀಯ 'ಇದು ನಮ್ಮದೇ' ಎಂದು ಘೋಷಿಸಿ ಸುಮ್ಮನಾಗುತ್ತಾನೆ. ಇವರು ದುಡಿದು ನಮ್ಮದಾಗಿ ಮಾಡಿದರು. ವ್ಯತ್ಯಾಸ ದುಡಿಮೆಯಲ್ಲಿದೆ.

ಇನ್ನೊಂದು ಸಂಕರ ನಮ್ಮ ಮಗ್ಗುಲಲ್ಲೇ ಆಗಿಹೋಗಿದೆ. 1804ರಲ್ಲಿ ಸರ್ವೇ ಮಾಡುತ್ತ, ಊರೂರಿನ ಕಥೆ, ಕೈಫಿಯತ್ತು, ಶಾಸನ ಕೂಡಿಹಾಕುತ್ತ ಬಂದ ಕರ್ನಲ್ ಕಾಲಿನ್ ಮೆಕೆಂಜಿ ಕನಕಗಿರಿಯಲ್ಲಿ ದೇವಚಂದ್ರ ಎಂಬ ಜೈನ ವಿದ್ವಾಂಸನನ್ನು ಕಂಡ. ಮೆಕೆಂಜಿಯ ಲೆಕ್ಕದಲ್ಲಿ ಅವನು ಪರಪುರಾಣ ಸಂಗ್ರಹಿಸುತ್ತಿದ್ದ. ದೇವಚಂದ್ರನ ಲೆಕ್ಕದಲ್ಲಿ ತಾನು ಮನೆಯ ಕಥೆ ಹೇಳುತ್ತಿದ್ದ. ಮುಂದೆ ದೇವಚಂದ್ರನೇ 'ರಾಜಾವಳಿ ಕಥೆ' ಬರೆದ. ಅವನು ನಿಂತ ಪರಂಪರೆಯ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾಮ ಹಿಂಸೆಯಿಂದ ದೂರ ಉಳಿದು ಮೋಕ್ಷಕ್ಕೆ ಹೋಗುತ್ತಾನೆ. ವಾನರರು ಕಪಿಗಳೇ ಅಲ್ಲ, ಕಪಿಧ್ವಜದ ವಿದ್ಯಾಧರರು. ಪಕ್ಕದ ಊರಿನ ವೈಷ್ಣವ ಒಕ್ಕಲಿಗೆ ಇದೇ ಪರಪುರಾಣ. ಪರದೇಶಕ್ಕೆ ಹೋಗಲು ಐಸ್‌ಲ್ಯಾಂಡಿನ ತನಕ ಪ್ರಯಾಣ ಮಾಡಬೇಕಾಗಿಲ್ಲ, ಮಲೆಯೂರಿಗೆ ಬಸ್ಸು ಹತ್ತಿದರೂ ಸಾಕು. ದೇಶಮತ ಖಂಡನೆಗೆ ಇದಕ್ಕಿಂತ ಬಲವಾದ ಪ್ರಮಾಣ ಬೇಡ.

ಇನ್ನು ಅಪವಾದ. ಆರರಲ್ಲಿ ಯಾವುದಕ್ಕೂ ಸೇರದವನು ನೀಲಗಾರ, ಎಂದರೆ ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವವನು. ಅವನು ಸ್ವತಃ ಓದದಿದ್ದರೆ ಓದಿಸಿ ಕೇಳುತ್ತಾನೆ. ಕಾಲೇಜಿಗೆ ಹೋಗುವ ಅಳಿಯ ಬಡಗಣ ಯೂರೋಪಿನ ಪುರಾಣ ಹಿಡಿದು ಕೂತಾಗ ನಡೆಯುವ ಸಂವಾದದ ಮಾದರಿಯನ್ನು ಶಾಸ್ತ್ರಕ್ಕಾಗಿ ಇಲ್ಲಿ ಕೊಡುತ್ತೇವೆ.

'ಮಾವ, ಈ ಓಡಿನ್ ಅನ್ನೋ ದ್ಯಾವ್ರು ಒಂಬತ್ತು ರಾತ್ರ ಮರಕ್ಕ ನೇತಾಕಂಡಿದ್ನಂತ.'

'ಯಾಕ್ಲಾ?'

'ಅಕ್ಷರ ಕಲಿಯಕ.'

'ನೀನೂ ಬಸ್ಸಿಗ ನೇತಾಕಂಡೇ ಕಲ್ತಲ್ಲ, ಏನ್ ದೊಡ್ಡದು. ಸರಿ, ಅದ ಯಾರು ಆಡ್ತರ?'

'ಯಾರೂ ಆಡಲ್ಲ ಮಾವ. ಬುಕ್ಕಲ್ಲಿ ಅದ.'

'ಅವನ್ಗ ಒಕ್ಕಲು?'

'ಸಾವ್ರ ವರ್ಸದಿಂದ ಇಲ್ಲ.'

'ಅಂಗಾರ ಎಡೆ ಮಡಗೋರು ಯಾರು? ಪಾಪ.'

ಈ 'ಪಾಪ' ಎಂಬ ಮಾತನ್ನು ಫ್ರೇಜರನ ಹನ್ನೆರಡು ಸಂಪುಟಗಳಲ್ಲಿ ಹುಡುಕಿದರೂ ಸಿಕ್ಕುವ ಭರವಸೆ ನಮಗಿಲ್ಲ. ನೀಲಗಾರ ಕೇಳಿದ ಎರಡೂ ಪ್ರಶ್ನೆಗಳು, ಯಾರು ಹಾಡುತ್ತಾರೆ, ಯಾರು ನಡೆದುಕೊಳ್ಳುತ್ತಾರೆ ಎಂಬವು, ದೊಡ್ಡ ವಿದ್ವಾಂಸರು ತಡವಾಗಿ ಕೇಳಿದ ಪ್ರಶ್ನೆಗಳೇ. ಫಿನ್ಲೆಂಡಿನ ವೈದ್ಯ ಎಲಿಯಾಸ್ ಲೊನ್‌ರೋಟ್ ಹಳ್ಳಿಹಳ್ಳಿ ತಿರುಗಿ ಹಾಡುಗಾರರಿಂದ ಬರೆದುಕೊಂಡದ್ದನ್ನು ಸೇರಿಸಿ 1835ರಲ್ಲಿ 'ಕಾಲೆವಾಲ' ತಂದ. 1849ರಲ್ಲಿ ಅದು ಐವತ್ತು ಹಾಡುಗಳಿಗೆ ಬೆಳೆಯಿತು. ಹೋಮರ್ ಹೇಗೆ ಹಾಡಿರಬಹುದೆಂದು ತಿಳಿಯಲು ಮಿಲ್ಮನ್ ಪ್ಯಾರಿ 1933ರಿಂದ 35ರವರೆಗೆ ಯುಗೊಸ್ಲಾವಿಯದ ಹಾಡುಗಾರರ ಮುಂದೆ ಯಂತ್ರ ಇಟ್ಟು ಕೂತ. ನಮ್ಮಲ್ಲೂ ಪಿ.ಕೆ. ರಾಜಶೇಖರ ಮೊದಲಾದವರು ಹಾಗೆ ಕೂತದ್ದರಿಂದಲೇ ಮಾದೇಶ್ವರ ಕಾವ್ಯ ಅಚ್ಚಿಗೆ ಬಂತು. ಕಾಲೆವಾಲದಲ್ಲಿ ಇಲ್ಮರಿನೆನ್ ಎಂಬ ಕಮ್ಮಾರ ಮಾಯದ ಬೀಸುಯಂತ್ರ ಕಾಯಿಸಿ ಬಡಿಯುವ ಭಾಗವನ್ನು ನೀಲಗಾರನಿಗೆ ಓದಿ ಹೇಳಿದರೆ, ಹಲಗೂರಿನ ಪಾಂಚಾಳರ ಮುಂದೆ ಕಬ್ಬಿಣದ ಭಿಕ್ಷೆಗೆ ನಿಂತ ಸಿದ್ದಪ್ಪಾಜಿಯ ಸಾಲನ್ನು ಅವನು ಎತ್ತಿಕೊಳ್ಳುತ್ತಾನೆ. ಅವನು 'ಎರಡೂ ಒಂದೇ' ಎನ್ನುವುದಿಲ್ಲ. ಒಂದಕ್ಕೆ ಪ್ರತಿಯಾಗಿ ಇನ್ನೊಂದನ್ನು ಹಾಡುತ್ತಾನೆ. ಉಪಕಾರ ತೀರಿಸುವ ಈ ಓದನ್ನು ಇಡಲು ಆರು ಕೋಣೆಗಳಲ್ಲಿ ಜಾಗವಿಲ್ಲ.

ಅಳಿಯನ ಉತ್ತರವೂ ಪೂರ್ತಿ ಸರಿಯಲ್ಲ. ಐಸ್‌ಲ್ಯಾಂಡಿನಲ್ಲಿ ಓಡಿನ್, ಥಾರ್ ಮುಂತಾದ ಹಳೆಯ ದೇವರುಗಳಿಗೆ ನಡೆದುಕೊಳ್ಳುವ ಒಂದು ಸಂಘ ಹುಟ್ಟಿ, 1973ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಮಾನ್ಯತೆ ಕೊಟ್ಟಿದೆ. ಗ್ರೀಸಿನಲ್ಲೂ ಹಳೆಯ ದೇವರುಗಳ ಹೊಸ ಭಕ್ತರು ಕಾಣಿಸಿಕೊಂಡಿದ್ದಾರೆ. ಒಕ್ಕಲು ಹೋಗುವುದೂ ಉಂಟು, ಮರಳುವುದೂ ಉಂಟು. ಆದ್ದರಿಂದ ಸತ್ತ ದೇವರೆಂದು ಬರೆದ ನಮ್ಮ ಪೂರ್ವಪಕ್ಷ ಖಂಡನೆಯ ವಾಕ್ಯವನ್ನು ಓದುಗರು ಸದ್ಯಕ್ಕೆ ಒಕ್ಕಲು ವಿರಳವಾದ ದೇವರು ಎಂದು ತಿದ್ದಿಕೊಳ್ಳತಕ್ಕದ್ದು.

ಐದನೆಯ ಪ್ರಕರಣ: ವಿಧಿ ನಿಷೇಧ

ಇಷ್ಟು ವಿಚಾರದಿಂದ ಸಿದ್ಧವಾದ ಕಟ್ಟುಪಾಡುಗಳು ಇವು.

ಪರಪುರಾಣ ತೆರೆದ ಕೂಡಲೇ ಆ ದೇವರಿಗೆ ಈಗ ಒಕ್ಕಲು ಇದ್ದಾರೆಯೇ ಎಂದು ವಿಚಾರಿಸತಕ್ಕದ್ದು. ಇದ್ದರೆ, ಓಶುನಳ ಕಥೆಯನ್ನು ಒಸೊಗ್ಬೊದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಿದ್ದಾಳೆ ಎಂದುಕೊಂಡು ಓದತಕ್ಕದ್ದು. ನಮ್ಮ ಸಿದ್ದಪ್ಪಾಜಿಯ ಬಗ್ಗೆ ಲಾಗೋಸಿನಲ್ಲಿ ಯಾರೋ ಓದುತ್ತಿದ್ದರೆ ಅವರು ಹೇಗೆ ಓದಬೇಕೆಂದು ಬಯಸುತ್ತೇವೋ ಹಾಗೆ.

ಒಕ್ಕಲಿಲ್ಲದಿದ್ದರೆ ಮನಸ್ಸು ಬಂದಷ್ಟು ನಗಬಹುದು, ಜಗಳವಾಡಬಹುದು, ತೀರ್ಪು ಕೊಡಬಹುದು. ಆದರೆ ಹಾಗೆ ನಗುವ ಅಭ್ಯಾಸವಾದ ಮೇಲೆ ಮನೆಗೆ ಬಂದು ಮನೆದೇವರ ಸಾಲನ್ನೂ ಅದೇ ಕಿವಿಯಿಂದ ಒಮ್ಮೆ ಕೇಳತಕ್ಕದ್ದು. ಜೀಯಸ್ಸನ್ನು ಪ್ರಶ್ನಿಸಿ ಕಲಿತ ಬಾಯಿ ನೀಲೇಗೌಡನ ಮುಂದೆ ಮುಚ್ಚಿಕೊಂಡರೆ ಆ ಓದು ನಿಷ್ಫಲ.

ಹೋಲಿಕೆ ಸಿಕ್ಕಾಗ ನಿಲ್ಲಬಾರದು. ಹೋಲಿಕೆ ಮುರಿಯುವ ತನಕ ಓದಬೇಕು. ಕಥೆ ಶುರುವಾಗುವುದು ಅಲ್ಲಿಂದ.

ಒಂದು ಖಂಡಕ್ಕೆ ಒಂದೇ ಅಧ್ಯಾಯ ಕೊಟ್ಟ ಪುಸ್ತಕವನ್ನು ಓದಬಹುದು, ನಂಬಬಾರದು.

ಪಂಚಾಯ್ತಿದಾರರು ತೀರ್ಪು ಹೇಳುವಾಗ ಪ್ರತೀಕವಾದಿ ನಡುವೆ ಬಾಯಿ ಹಾಕಕೂಡದು.

ಫಲಶ್ರುತಿ

ಈ ಲಕ್ಷಣಗ್ರಂಥವನ್ನು ಓದಿದ ಸರ್ವಸ್ವಕೀಯನಿಗೆ ಇಂದ್ರನ ಮೇಲೆ ಕನಿಕರ ಹುಟ್ಟುವುದು. ಪಂಚಾಯ್ತಿದಾರರ ಜಗುಲಿಗೆ ಹೊಸ ಹೊಸ ದೇಶಗಳ ಮೊಕದ್ದಮೆಗಳು ಬರುವವು. ಅನ್ನಾರ್ಥಿಗೆ ಜೋಳದ ದರ ಏರುವುದೆಂದು ಹೇಳುವ ಅಧಿಕಾರ ಗ್ರಂಥಕಾರರಿಗಿಲ್ಲ. ಪರೀಕ್ಷಾರ್ಥಿಗೆ ಕೆಲಸ ಸಿಕ್ಕುವುದು. ಸಿಕ್ಕಿದ ಮೇಲಾದರೂ ಪೊಸೈಡನ್ನನ ಸಿಟ್ಟಿನ ಕಾರಣ ಓದಲು ಬಿಡುವಾಗುವುದು. ತೆರೆಯಿಂದ ಬಂದವನು ತೆರೆಗೆ ಮರಳಿದರೂ ಮೊದಲಿನಂತೆ ನೋಡಲಾರ. ಪ್ರತೀಕವಾದಿ ಹುಲಿಯನ್ನು ಹುಲಿಯೆಂದೇ ಕರೆಯುವ ದಿನ ಬಂದರೆ ಅದೇ ಮಹಾಫಲ.

ಕೊನೆಗೆ ಹೇಳುತ್ತೇವೆಂದ ಪ್ರಯೋಜನ ಇದು. ಲೋಕದ ಯಾವುದೋ ಮೂಲೆಯ ವಿಶ್ವಪುರಾಣದ ಪುಸ್ತಕವೊಂದರಲ್ಲಿ, ಮಾಯಾ ದೇವರುಗಳು ಮುಗಿದು ಮಾವೊರಿ ದೇವರುಗಳು ಆರಂಭವಾಗುವ ಪುಟಗಳ ನಡುವೆ, ನಮ್ಮ ಮಾದಪ್ಪನೂ ಅರ್ಧ ಪುಟದ ಚಿತ್ರದೊಡನೆ ಇನ್ನೊಬ್ಬರ ಪರಪುರಾಣವಾಗಿ ನಿಂತಾನು. ಅದನ್ನು ಓದುವವನು ನಮ್ಮನ್ನು ಯಾವ ವರ್ಗದವನಾಗಿ ಓದುತ್ತಾನೋ ಗೊತ್ತಿಲ್ಲ. ನಾವು ಅವನ ದೇವರನ್ನು ಹೇಗೆ ಓದಿದೆವು ಎಂಬ ಲೆಕ್ಕವಾದರೂ ನಮ್ಮ ಕಡೆ ಚೊಕ್ಕವಾಗಿರಲಿ.